ಕೊನಾಡು ಹಡೂಪ್ ಹೂಡಿದ ವಾರ

ಕುಮಾಸಿಯ ಮಲೇರಿಯಾ ಕಚೇರಿಯಲ್ಲಿ ಹದಿನೆಂಟು ವರ್ಷ ರೋಗಿಗಳ ಚೀಟಿಗೆ ಮುದ್ರೆ ಒತ್ತಿದ ನಮ್ಮ ವಠಾರದ ಕೊನಾಡು, ನಲವತ್ತಾರನೇ ವಯಸ್ಸಿನಲ್ಲಿ ಮುದ್ರೆ ಬಿಟ್ಟು ಮೌಸ್ ಹಿಡಿದಳು. ದಾಖಲೆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿ ಬಿದ್ದಿತ್ತು. ನಿರ್ದೇಶಕ ಬೊವಾಡಿ ಅಂದಿದ್ದರು: "ಅಷ್ಟೂ ವರ್ಷದ ಚೀಟಿ ಶುಕ್ರವಾರ ಕಂಪ್ಯೂಟರಲ್ಲಿ ಎಣಿಸಿ ತೋರ್ಸಮ್ಮ, ಕುರ್ಚಿ ನಿಂದು. ಇಲ್ಲಾಂದ್ರೆ ರಾಜಧಾನಿ ಅಕ್ರಾದಿಂದ ಯಾರನ್ನಾದ್ರೂ ಕರೆಸ್ತೀನಿ."

ಅಷ್ಟು ದತ್ತಾಂಶಕ್ಕೆ ಹಡೂಪ್ ಎಂಬ ತಂತ್ರಾಂಶ ಬೇಕು. ನೂರಾರು ಕಂಪ್ಯೂಟರುಗಳು ಹಂಚಿಕೊಂಡು ಹೊರುವ ಹೊರೆ ಅದು. ಮನೆಯಲ್ಲಿದ್ದದ್ದು ಒಂದು ಹಳೆ ಲ್ಯಾಪ್‌ಟಾಪ್. ಯಜಮಾನನೂ ಅದೇ, ಆಳೂ ಅದೇ. ಸೋಮವಾರ ಬೆಳಗಿನ ಜಾವವೇ ಎದ್ದು ಅದಕ್ಕೆ ಬೇಕಾದ ಜಾವಾ ತುಂಬಿಸಿದಳು, ಆಮೇಲೆ ಹಡೂಪ್. ಅಂಗಳದಲ್ಲಿ ಅಮ್ಮ ಫುಫು ಮುದ್ದೆಗೆ ಬೆಂದ ಮರಗೆಣಸು ಕುಟ್ಟುವ ಏಟಿಗೆ ಮೇಜು ಕುಣಿಯುತ್ತಿತ್ತು.

"ಅಮ್ಮಾ, ಸ್ವಲ್ಪ ಮೆಲ್ಲಗೆ!"

"ಮೆಲ್ಲಗೆ ಕುಟ್ಟಿದ್ರೆ ಗಂಟಾಗತ್ತೆ. ನಿನ್ನ ಪೆಟ್ಟಿಗೆಗೆ ಹೆರಿಗೆ ಆಯ್ತಾ ಇಲ್ವಾ?"

ಕಚೇರಿಯಲ್ಲಿ ಮೊದಲೇ ಟೈಪ್ ಮಾಡಿಟ್ಟಿದ್ದ ಚೀಟಿಗಳೆಲ್ಲ ಮಂಗಳವಾರ ಸಂಜೆಗೆ ಒಳಗೆ ಹೋದವು. ರಾತ್ರಿ ಆಫ್ ಮಾಡಿ, ಬುಧವಾರ ಬೆಳಿಗ್ಗೆ ಮತ್ತೆ ಶುರು ಮಾಡಿ ನೋಡಿದರೆ ಸೊನ್ನೆ. ಮತ್ತೆ ತುಂಬಿಸಿದಳು. ಗುರುವಾರವೂ ಸೊನ್ನೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ತಟ್ಟೆಯಲ್ಲಿದ್ದ ಫುಫು ಆರಿ ಕಲ್ಲಾಯಿತು.

"ಶುರು ಮಾಡೋವಾಗ ಏನೇನ್ ಮಾಡ್ತೀಯೆ, ಹೇಳು," ಅಂದಳು ಅಮ್ಮ.

"ಹಾಳೇಲಿ ಬರ್ದಿರೋದನ್ನ ಮೇಲಿಂದ ಒಂದೊಂದಾಗಿ. ಮೊದ್ಲು ಜಾಗ ಶುಚಿ ಮಾಡೋದು..."

"ದಿನಾನೂನಾ?"

"ಮತ್ತೆ? ಗುಡಿಸ್ದೆ ಒಲೆ ಹಚ್ತಾರೇನಮ್ಮಾ..."

ಕೊನಾಡು ಹಾಳೆಯ ಮೊದಲ ಸಾಲನ್ನು ಮತ್ತೆ ಓದಿದಳು. ನಮ್ಮ ವಠಾರದಲ್ಲಿ ಅಂಗಳಕ್ಕೆ ಪೊರಕೆ ಬೀಳದೆ ಯಾರ ಬಾಯಿಗೂ ನೀರು ಬೀಳದು. ಮೊದಲ ದಿನ ಒಮ್ಮೆ ಮಾತ್ರ ಕೊಡಬೇಕಾದ, ಒಳಗಿದ್ದದ್ದನ್ನೆಲ್ಲ ಅಳಿಸುವ ಆ ಆಜ್ಞೆಯನ್ನು ಅವಳು ದಿನಾ ಬೆಳಿಗ್ಗೆ ಕೊಟ್ಟು, ನಲವತ್ತೊಂದು ಲಕ್ಷ ರೋಗಿಗಳನ್ನು ಕಸದ ಜೊತೆ ಗುಡಿಸಿ ಹಾಕಿದ್ದಳು.

"ಸೊಸೆಯಂದ್ರು ಯಾರೂ ಇಷ್ಟು ಚೊಕ್ಕಟ ಇಲ್ಲ ಬಿಡು," ಅಂದಳು ಅಮ್ಮ.

ಇಡೀ ಗುರುವಾರ ಮೂರನೇ ಸಲ ತುಂಬಿಸಿದ್ದಾಯಿತು. ಶುಕ್ರವಾರ ಲ್ಯಾಪ್‌ಟಾಪನ್ನು ಆಫ್ ಮಾಡದೆಯೇ ಹೊತ್ತೊಯ್ದಳು; ಕಚೇರಿಯ ಮೇಜಿನ ಮೇಲೆ ಲೆಕ್ಕ ಸರಿಯಾಗಿಯೇ ಬಂತು. ಬೊವಾಡಿ ಕನ್ನಡಕ ಏರಿಸಿದರು.

"ಸರಿ. ಒಂದ್ಸಲ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡು. ಸೋಮವಾರಾನೂ ಇರತ್ತಾ ನೋಡ್ಬೇಕಲ್ಲ."

ಕೊನಾಡು ಹಾಳೆ ಬಿಡಿಸಿ ಮೇಜಿನ ಮೇಲಿಟ್ಟಳು. ಆಫ್ ಮಾಡಿದಳು, ಆನ್ ಮಾಡಿದಳು. ಅಭ್ಯಾಸದ ಬೆರಳಲ್ಲವೇ, ನಂಬುವಂತಿಲ್ಲ. ಹಾಳೆಯ ಮೊದಲ ಸಾಲನ್ನು ಎಡಗೈಯಿಂದ ಮುಚ್ಚಿ, ಎರಡನೆಯದರಿಂದ ಶುರು ಮಾಡಿದಳು. ಪರದೆ ತುಂಬಾ ಹೊತ್ತು ಕಪ್ಪಗೇ ಇತ್ತು. ಆಮೇಲೆ ಅದೇ ಸಂಖ್ಯೆ, ಒಂದೂ ಕಮ್ಮಿಯಿಲ್ಲದೆ.

"ಅಕ್ರಾದವರಿಗೆ ಬರೋದು ಬೇಡ ಅಂತ ಹೇಳ್ಬಿಡಿ," ಅಂದರು ಬೊವಾಡಿ ಗುಮಾಸ್ತನಿಗೆ.

ಕೊನಾಡು ಮೊದಲ ಸಾಲಿನ ಮೇಲಿಂದ ಎಡಗೈ ತೆಗೆಯಲೇ ಇಲ್ಲ.