‘ನಾಳೆ ಬಾ’ ಅಂದವಳು ನಾನೇ

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನೇ ಕಟ್ಟಿದ ಕಥೆಯಾಗಿದ್ದರೆ ಇದರಲ್ಲಿ ನನ್ನನ್ನು ಸ್ವಲ್ಪ ಧೈರ್ಯವಂತೆಯಾಗಿ, ಸ್ವಲ್ಪ ಒಳ್ಳೆಯವಳಾಗಿ ತೋರಿಸಿಕೊಳ್ಳುತ್ತಿದ್ದೆ. ಕಳೆದ ವರ್ಷದ ಕೊನೆಯ ರಾತ್ರಿ, ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಬೀದಿಯಲ್ಲೇ ನಡೆದದ್ದು. ನೆನೆಸಿಕೊಂಡರೆ ಈಗಲೂ ಭಯಕ್ಕಿಂತ ನಾಚಿಕೆಯೇ ಹೆಚ್ಚಾಗುತ್ತದೆ.

ನಮ್ಮ ಪಕ್ಕದ ಮನೆ ಡೋರಥಿ ಆಂಟಿಯದು. ಎಂಬತ್ತು ದಾಟಿದ ಬಿಳಿ ಹೆಂಗಸು. ಇಂಗ್ಲೆಂಡಿನ ಉತ್ತರದ ಯಾವುದೋ ಕಲ್ಲಿದ್ದಲು ಗಣಿಯ ಊರಿಂದ, ಮದುವೆಯಾದ ಹೊಸದರಲ್ಲಿ ಗಂಡ ಆರ್ಥರ್ ಜೊತೆ ಇಲ್ಲಿಗೆ ಬಂದವರು. "ಬರೀ ಡೋರಥಿ ಅನ್ನು" ಅಂತ ಎಷ್ಟು ಸಲ ಹೇಳಿದರೂ ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ನನ್ನ ಬಾಣಂತನಕ್ಕೆ ಬರಬೇಕಿದ್ದ ಅಮ್ಮನಿಗೆ ವೀಸಾ ಸಿಗದೆ ಹೋದಾಗ, ಹಿಮದಲ್ಲಿ ಜಾರಿಕೊಂಡು ಬಂದು ದಿನಾ ಬಿಸಿ ಸೂಪ್ ಕೊಟ್ಟು ಹೋಗುತ್ತಿದ್ದವರು ಇದೇ ಆಂಟಿ. ಇದನ್ನು ಮೊದಲೇ ಹೇಳಿಬಿಡಬೇಕು, ಆಮೇಲೆ ನೀವು ನನ್ನನ್ನು ಬೈಯಲು ಬೇಕಾಗುತ್ತದೆ.

ಆ ವರ್ಷ ಆರ್ಥರ್ ತೀರಿಕೊಂಡಿದ್ದರು. ಡಿಸೆಂಬರಿನಲ್ಲಿ ಆಂಟಿ ಬಿದ್ದು ಸೊಂಟದ ಆಪರೇಷನ್ ಆಗಿ, ವಾಕರ್ ಇಲ್ಲದೆ ಎದ್ದು ನಿಲ್ಲುವಂತಿರಲಿಲ್ಲ. ಬರಬೇಕಿದ್ದ ಮಗನ ಫ್ಲೈಟು ಹಿಮದಿಂದ ಕ್ಯಾನ್ಸಲ್. ಹಾಗಾಗಿ ಆ ರಾತ್ರಿ ಅವರ ಜೊತೆಗಿರಲು ನಾನು ಹೋದೆ.

ಅವರು ಕೇಳಿದ್ದು ಒಂದೇ.

"ನಮ್ಮೂರಲ್ಲಿ ಹೊಸ ವರ್ಷ ತಾನಾಗೇ ಮನೆಯೊಳಗೆ ಬರಲ್ಲ ಸುಮಾ, ಯಾರಾದ್ರೂ ತರ್ಬೇಕು."

ಹನ್ನೆರಡು ಹೊಡೆದ ಮೇಲೆ ಹೊಸ್ತಿಲು ದಾಟಿ ಬರುವ ಮೊದಲನೆಯವನು ಕಪ್ಪು ಕೂದಲಿನ ಗಂಡಸಾಗಿರಬೇಕಂತೆ. ಕೈಯಲ್ಲಿ ಒಂದು ತುಂಡು ಕಲ್ಲಿದ್ದಲು. ಅದನ್ನು ಬೆಂಕಿಗೆ ಹಾಕುವ ತನಕ ಅವನೂ ಮಾತಾಡಬಾರದು, ಮನೆಯವರೂ ಮಾತಾಡಬಾರದು. ಆರ್ಥರ್ ಪ್ರತಿ ವರ್ಷ ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ಚಳಿಯಲ್ಲಿ ನಡುಗುತ್ತಾ ನಿಂತಿದ್ದು, ಮುಂಬಾಗಿಲಿಗೆ ಬಂದು ಮೂರು ಸಲ ಬಡಿಯುತ್ತಿದ್ದರಂತೆ.

"ಕೂದಲೆಲ್ಲ ಬೆಳ್ಳಗಾದ್ಮೇಲೆ ಕಪ್ಪು ಉಣ್ಣೆ ಟೋಪಿ ಹಾಕ್ಕೊಂಡು ಬರೋನು, ಕಳ್ಳ," ಅಂತ ಆಂಟಿ ನಕ್ಕರು. ಆಮೇಲೆ ನಗು ನಿಂತಿತು. "ಈ ಸಲ ಯಾರೂ ಬರ್ಲಿಲ್ಲ ಅಂದ್ರೆ ಇನ್ನೊಂದು ಚಳಿಗಾಲ ನಾನು ನೋಡಲ್ಲ, ಮಗು."

"ನಮ್ಮ ರಘು ಬರ್ತಾನೆ ಆಂಟಿ. ಅವನಿಗಿರೋ ಆಸ್ತಿ ಅದೊಂದೇ, ಕಪ್ಪು ಕೂದಲು," ಅಂದೆ. ರಘು ನನ್ನ ಗಂಡ. ಮಗಳನ್ನು ಮಲಗಿಸಿಕೊಂಡು ಮನೆಯಲ್ಲಿದ್ದ. ಕಲ್ಲಿದ್ದಲು ಎಲ್ಲಿಂದ ತರೋದು? ಬಾರ್ಬೆಕ್ಯೂ ಚೀಲದಿಂದ ಒಂದು ಇದ್ದಿಲಿನ ಉಂಡೆ ತೆಗೆದಿಟ್ಟುಕೊಂಡಿದ್ದ.

ಹನ್ನೆರಡಾಗುತ್ತಾ ಬಂತು. ಆಂಟಿ ಹೇಳಿದಂತೆ ಹಳೆ ವರ್ಷ ಹೋಗಲಿ ಅಂತ ಹಿತ್ತಲ ಬಾಗಿಲು ತೆಗೆದೆ. ಚಳಿ ಮುಖಕ್ಕೆ ಹೊಡೆಯಿತು. ಮತ್ತೆ ಹಾಕಿ ಬಂದು ನೋಡಿದರೆ ಆಂಟಿ ರಿಕ್ಲೈನರ್ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದರು. ಎದುರಿಗೆ ಗೋಡೆಯೊಳಗಿನ ಒಲೆಯಲ್ಲಿ ಸೌದೆ ಚಟಪಟ ಅನ್ನುತ್ತಿತ್ತು. ದೂರದಲ್ಲಿ ಎಲ್ಲೋ ಪಟಾಕಿ...

ಟಕ್... ಟಕ್... ಟಕ್.

ಪರವಾಗಿಲ್ಲ, ನಮ್ಮ ಮಹಾರಾಯ ಸಮಯಕ್ಕೆ ಸರಿಯಾಗಿ ಬಂದ ಅಂದುಕೊಂಡು ಎದ್ದೆ. ಚಿಲಕದ ಮೇಲೆ ಕೈಯಿಟ್ಟೆ. ಆಗಲೇ ಒಂದು ವಾಸನೆ ಬಂತು... ಒದ್ದೆ ಉಣ್ಣೆಯದು, ಅದರ ಜೊತೆ ರೈಲಿನ ಹೊಗೆಯಂಥ ಘಾಟು. ಚಿಕ್ಕಂದಿನಲ್ಲಿ ಉಗಿಬಂಡಿ ಹತ್ತಿರ ನಿಂತಿದ್ದವರಿಗೆ ಗೊತ್ತಿರುತ್ತದೆ.

ಜೇಬಿನಲ್ಲಿ ಫೋನು ಗುರ್ ಅಂದಿತು. ರಘು.

"ಸಾರಿ ಕಣೇ, ಸೋಫಾದಲ್ಲೇ ನಿದ್ದೆ ಬಂದ್ಬಿಡ್ತು. ಶೂ ಹಾಕ್ಕೋತಿದೀನಿ, ಎರಡೇ ನಿಮಿಷ."

ಪಕ್ಕದ ಕಿಟಕಿಯಿಂದ ನೋಡಿದೆ. ನಮ್ಮ ಅಡುಗೆಮನೆಯ ಬೆಳಕಿನಲ್ಲಿ ರಘು ಫೋನ್ ಕಿವಿಗಿಟ್ಟುಕೊಂಡು ಬಗ್ಗಿ ನಿಂತಿದ್ದ.

ಹಾಗಾದರೆ ಇಲ್ಲಿ...?

ಬಾಗಿಲ ಪಕ್ಕದ ಮಸುಕು ಗಾಜಿನಲ್ಲಿ ಒಂದು ಆಕಾರ ಕಾಣಿಸಿತು. ತಲೆ ಮೇಲೆ ಕಪ್ಪು ಟೋಪಿ. ಅಲುಗಾಡದೆ, ಮಾತಾಡದೆ ನಿಂತಿತ್ತು. ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದ ಹಾಗೆ...

ಯಾರು ಅಂತ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಹೇಳಿ ನಾನು ತಪ್ಪಿಸಿಕೊಳ್ಳುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಒಂದು ವಠಾರದಲ್ಲಿ. ಚಿಕ್ಕವಳಿದ್ದಾಗ ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ, ತೆಗೆದರೆ ಮುಗೀತು ಅಂತ ಸುದ್ದಿ ಹಬ್ಬಿ, ಬೀದಿಯ ಎಲ್ಲ ಬಾಗಿಲುಗಳ ಮೇಲೂ ‘ನಾಳೆ ಬಾ’ ಅಂತ ಬರೆದಿದ್ದರು. ನಮ್ಮಜ್ಜಿ ಇದ್ದಿಲಲ್ಲಿ ಬರೆದಿದ್ದರು. ಬಂದದ್ದು ಓದಿಕೊಂಡು ವಾಪಸ್ಸು ಹೋಗುತ್ತೆ, ಮಾರನೇ ದಿನ ಬಂದರೆ ಮತ್ತೆ ಅದನ್ನೇ ಓದುತ್ತೆ. ಇಷ್ಟು ವರ್ಷ ಅಮೆರಿಕದಲ್ಲಿದ್ದು, ಲ್ಯಾಬಿನಲ್ಲಿ ಕೆಲಸ ಮಾಡಿ, ಮಗಳಿಗೆ ದೆವ್ವಗಿವ್ವ ಎಲ್ಲ ಸುಳ್ಳು ಅಂತ ಪಾಠ ಹೇಳಿದವಳ ಬಾಯಿಂದ ಬಂದದ್ದು ಅದೇ ಮಾತು.

"ನಾಳೆ ಬಾ."

ಕನ್ನಡದಲ್ಲೇ ಅಂದೆ. ಮೆಲ್ಲಗೆ, ಬಾಗಿಲಿಗೆ ಬಾಯಿ ಹತ್ತಿರ ಇಟ್ಟು.

ಗಾಜಿನಾಚೆಯ ಟೋಪಿ ಸ್ವಲ್ಪ ಬಾಗಿತು. ಆಮೇಲೆ ಮರದ ಮೆಟ್ಟಿಲ ಮೇಲೆ ಭಾರದ ಬೂಟು ಇಳಿದು ಹೋದ ಸದ್ದು... ನಿಧಾನವಾಗಿ. ವಯಸ್ಸಾದವರು ಇಳಿಯುವ ಹಾಗೆ.

ರಘು ಬಂದ. ದಾರಿಯಲ್ಲಿ ಯಾರೂ ಇರಲಿಲ್ಲ ಅಂದ. ಒಂದು ಮಾತೂ ಆಡದೆ ಇದ್ದಿಲಿನ ಉಂಡೆಯನ್ನು ಒಲೆಗೆ ಹಾಕಿ, ಆಂಟಿಗೆ ಹ್ಯಾಪಿ ನ್ಯೂ ಇಯರ್ ಹೇಳಿ, ಮಗಳೊಬ್ಬಳೇ ಇದ್ದಾಳೆ ಅಂತ ಓಡಿದ.

ಅವನು ಹೋದ ಮೇಲೆ ಆಂಟಿ ಕೇಳಿದರು. "ಮೊದಲು ಬಡಿದದ್ದು ಯಾರು?"

"ಯಾರೂ ಇಲ್ಲ ಆಂಟಿ. ಗಾಳಿ."

"ನಿಮ್ಮ ಭಾಷೇಲಿ ಏನೋ ಅಂದ್ಯಲ್ಲ. ಏನದರ ಅರ್ಥ?"

ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ. ನೆಲ ನೋಡಿಕೊಂಡು ಅರ್ಥ ಹೇಳಿದೆ. ಬೈಯುತ್ತಾರೆ ಅಥವಾ ಅಳುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಬೆಂಕಿ ನೋಡುತ್ತಾ, "ನಾಳೆ ತಾನೇ? ಸರಿ. ಅವನು ಮಾತಿಗೆ ತಪ್ಪೋನಲ್ಲ," ಅಂದರು.

ಮಾರನೇ ರಾತ್ರಿ ನಾನು ಹೋಗಬೇಕಿತ್ತು. ಮಗಳಿಗೆ ನೆಗಡಿ ಅಂತ ನೆಪ ಹೇಳಿ, ಸಂಜೆಯೇ ರಘು ಕೈಯಲ್ಲಿ ಊಟ ಕಳಿಸಿಬಿಟ್ಟೆ. ಆದರೆ ನಿದ್ದೆ ಎಲ್ಲಿಂದ ಬರಬೇಕು? ಅಡುಗೆಮನೆಯ ದೀಪ ಆರಿಸಿ, ಕಳ್ಳಿಯ ಹಾಗೆ ಕಿಟಕಿಯ ಹತ್ತಿರ ನಿಂತೆ.

ಹನ್ನೆರಡಕ್ಕೆ ಪಕ್ಕದ ಮನೆಯ ಪೋರ್ಚ್ ಲೈಟು ಹತ್ತಿತು. ಬಾಗಿಲು ತೆರೆಯಿತು.

ಆಂಟಿ ನಿಂತಿದ್ದರು. ಒಬ್ಬರೇ, ವಾಕರ್ ಇಲ್ಲದೆ. ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು, ಒಳಗೆ ಬರುವವರಿಗೆ ದಾರಿ ಬಿಡುವ ಹಾಗೆ ನಿಂತರು. ಹೊರಗೆ ನನಗೆ ಯಾರೂ ಕಾಣಲಿಲ್ಲ. ಅವರ ತುಟಿ ಬಿಗಿಯಾಗಿ ಮುಚ್ಚಿತ್ತು. ಆಮೇಲೆ ಬಾಗಿಲು ಹಾಕಿಕೊಂಡರು.

ಬಿದ್ದುಬಿಟ್ಟರೆ? ಓಡಿದರೆ ಅರ್ಧ ನಿಮಿಷದ ದಾರಿ. ನಾನು ಮಾಡಿದ್ದೇನು ಗೊತ್ತಾ? ಕಿಟಕಿಯ ಬ್ಲೈಂಡ್ಸ್ ಇಳಿಸಿದೆ.

ಬೆಳಿಗ್ಗೆ ಉಪ್ಪಿಟ್ಟಿನ ಡಬ್ಬಿ ಹಿಡಿದು, ಮುಖ ಹೇಗೆ ತೋರಿಸೋದು ಅಂತ ಅಳುಕುತ್ತಾ ಹೋದೆ. ಆಂಟಿ ರಿಕ್ಲೈನರ್‌ನಲ್ಲಿದ್ದರು, ಕೆನ್ನೆಗೆ ಬಣ್ಣ ಬಂದಿತ್ತು. ಒಲೆಯಲ್ಲಿ ಸೌದೆ ಉರಿದು ಬೂದಿಯಾಗಿತ್ತು. ಅದರ ನಡುವೆ ಮುಷ್ಟಿಗಿಂತ ದೊಡ್ಡದಾದ, ಅಂಕುಡೊಂಕು ಅಂಚಿನ ಒಂದು ಕಲ್ಲಿದ್ದಲು ಇನ್ನೂ ಕೆಂಪಗಿತ್ತು. ಮನೆ ತುಂಬ ಅದೇ ರೈಲಿನ ಘಾಟು...

"ಅದನ್ನ ಕೆದಕಬೇಡ, ಉರೀಲಿ," ಅಂದರು. ನಾನು ಏನೂ ಕೇಳಲಿಲ್ಲ. ಹಿಂದಿನ ರಾತ್ರಿ ಯಾಕೆ ಬರಲಿಲ್ಲ ಅಂತ ಅವರೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಮತ್ತೆ ಡಿಸೆಂಬರ್. ಆಂಟಿ ಚೆನ್ನಾಗಿದ್ದಾರೆ, ಕೋಲು ಹಿಡಿದು ಮೇಲ್‌ಬಾಕ್ಸ್‌ವರೆಗೂ ಬರುತ್ತಾರೆ. ಹೋದ ವಾರ ಅಲ್ಲೇ ಸಿಕ್ಕಿದಾಗ ಕೈ ಹಿಡಿದುಕೊಂಡರು.

"ಈ ಸಲಾನೂ ನನ್ನ ಜೊತೆ ಕೂತ್ಕೋತೀಯಾ?"

"ಖಂಡಿತ ಆಂಟಿ. ರಘುಗೂ ಹೇಳಿಟ್ಟಿರ್ತೀನಿ."

"ರಘು ಬೇಡ ಮಗು, ಅವನು ಮಲಕ್ಕೊಳ್ಲಿ." ಅವರ ಕೈ ಬೆಚ್ಚಗಿತ್ತು. "ಬಾಗಿಲು ನೀನು ತೆಗಿ, ಅಷ್ಟೇ. ಏನೂ ಮಾತಾಡ್ಬೇಡ."

ಆಗಲಿ ಅನ್ನಬೇಕಿತ್ತು. ನನಗೆ ಸೂಪ್ ಕೊಟ್ಟ ಕೈ ಅದು. ಬಾಯಿ ತೆರೆದೆ...

"ನಾಳೆ ಹೇಳ್ತೀನಿ ಆಂಟಿ," ಅಂದುಬಿಟ್ಟೆ.

ವಾರವಾಯಿತು. ಇನ್ನೂ ಹೇಳಿಲ್ಲ.