ಜ್ವಾಕಿ ಕಾಕಾ

ಭೀಮರಾವ್ ಕಾಕಾ ಆಟೋದಲ್ಲಿ ಕೂಡುವಾಗಲೂ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಅವರಿಗೆ ಸ್ಕೂಟರ್ ಇರಲಿಲ್ಲ. ಹೆಲ್ಮೆಟ್ ಮಾತ್ರ ಇತ್ತು. ಹೈದರಾಬಾದಿನ ಆಟೋದವರು ಇಂಥದ್ದನ್ನು ಸುಮ್ಮನೆ ಬಿಡುವವರಲ್ಲ. “ಕ್ಯಾ ಚಾಚಾ, ಮೇರೇ ಪೇ ಭರೋಸಾ ನೈ?” ಎಂದು ಒಬ್ಬ ಕನ್ನಡಿಯಲ್ಲಿ ನೋಡುತ್ತಾ ಕೇಳಿದ. ಕಾಕಾ ಗಲ್ಲದ ಪಟ್ಟಿ ಬಿಗಿ ಮಾಡಿಕೊಂಡು, “ತುಮ್ಹಾರೇ ಪೇ ಹೈ ಮಿಯಾಂ, ಸಾಮ್ನೇವಾಲೇ ಪೇ ನೈ,” ಎಂದರು. ನಿನ್ನ ಮೇಲೆ ನಂಬಿಕೆಯಿದೆ, ಎದುರಿಗೆ ಬರುವವನ ಮೇಲಿಲ್ಲ ಎಂಬ ಈ ಉತ್ತರಕ್ಕೆ ಅವನು ಅಮೀರ್‌ಪೇಟ್ ಮುಟ್ಟುವ ತನಕ ನಗುತ್ತಲೇ ಇದ್ದ. ಪಕ್ಕದಲ್ಲಿದ್ದ ನಾನು ಯಾರೋ ಅಪರಿಚಿತಳಂತೆ ಹೊರಗೆ ನೋಡುತ್ತಾ ಕುಳಿತಿದ್ದೆ.

ರಾಯಚೂರು ಕಡೆಯವರಾದ ಕಾಕಾ, ಹೈದರಾಬಾದಿನ ಕಾಲನಿಯಲ್ಲಿ ನಮ್ಮ ಪಕ್ಕದ ಮನೆಯವರು. ನಮ್ಮಪ್ಪನೂ ಅವರೂ ಒಂದೇ ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅಲ್ಲಿ ಕಾಕಾ ಸುರಕ್ಷತಾ ವಿಭಾಗದ ಸೂಪರ್‌ವೈಸರ್. ಕಾರ್ಖಾನೆಯ ಪಾಳಿ ಮುಗಿದರೂ ಅವರ ಸುರಕ್ಷತೆ ಮುಗಿಯುತ್ತಿರಲಿಲ್ಲ. ಮನೆಗೆ ಬೀಗ ಹಾಕಿ ಜಗ್ಗುವರು. ಗೇಟು ದಾಟಿದವರು ತಿರುಗಿ ಬಂದು ಮತ್ತೆ ಜಗ್ಗುವರು. ಹೀಗೆ ಜಗ್ಗಿ ಜಗ್ಗಿಯೇ ಬಾಗಿಲ ಕೊಂಡಿ ಸಡಿಲಾಗಿತ್ತು. ನಾಲಿಗೆ ಸುಟ್ಟೀತೆಂದು ಅವರು ಚಹಾ ಆರಿಸುತ್ತಾ ಕೂತರೆ, ಹೆಂಡತಿ ಸುಮಿತ್ರಾ ಕಾಕು, “ಅದು ಚಹಾ ಉಳದಿಲ್ರೀ, ಪಾನಕ ಆಗೇತಿ,” ಎನ್ನುವರು. ಯಾರು ಎಲ್ಲಿಗೆ ಹೊರಟರೂ ಕಾಕಾನ ಬಾಯಲ್ಲಿ ಒಂದೇ ಮಾತು: “ಜ್ವಾಕಿ!” ಎಚ್ಚರಿಕೆ ಎನ್ನುವ ಆ ಮಾತೇ ಕೊನೆಗೆ ಅವರ ಹೆಸರಾಯಿತು.

ಚಿಕ್ಕವಳಿದ್ದಾಗ ಅವರೊಂದಿಗೆ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗಿದ್ದೆ. ನನಗೆ ದೊಡ್ಡ ತಿರುಗು ತೊಟ್ಟಿಲು ಹತ್ತುವ ಆಸೆ. ಕಾಕಾ ಅದರ ಕಂಬ ಅಲುಗಾಡಿಸಿದರು, ಬಗ್ಗಿ ನಟ್ಟು ನೋಡಿದರು, ಯಾವಾಗ ಎಣ್ಣೆ ಬಿಟ್ಟಿದ್ದೆಂದು ವಿಚಾರಿಸಿದರು. ಯಂತ್ರದವನು ಸೋತು, “ಚಾಚಾ, ಬೈಠನಾ ಹೈ ಕಿ ಖರೀದ್‌ನಾ ಹೈ?” ಎಂದ. ಕೂಡುವುದೂ ಆಗಲಿಲ್ಲ, ಕೊಳ್ಳುವುದೂ ಆಗಲಿಲ್ಲ. ನಾನು ಅಳುತ್ತಾ ಮನೆಗೆ ಬಂದೆ.

ಇಂಥವರ ಬಳಿ ದೊಡ್ಡವಳಾದ ಮೇಲೆ ಸಲಹೆ ಕೇಳಲು ಹೋದದ್ದಕ್ಕೆ ಕಾರಣವಿತ್ತು. ನಾನಾಗ ಒಂದು ಶಾಲೆಯ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಅದನ್ನು ಬಿಟ್ಟು ಅಮೀರ್‌ಪೇಟ್‌ನ ಹಾಸ್ಟೆಲುಗಳ ನಡುವೆ ಜೋಳದ ರೊಟ್ಟಿಯ ಖಾನಾವಳಿ ತೆರೆಯುವ ಹುಚ್ಚು ಹತ್ತಿತ್ತು. ಆದರೆ ಧೈರ್ಯ ಸಾಲುತ್ತಿರಲಿಲ್ಲ. ಕಾಕಾ ಬೇಡವೆಂದುಬಿಟ್ಟರೆ ನೆಮ್ಮದಿಯಿಂದ ಸುಮ್ಮನಾಗಬಹುದು ಎಂದುಕೊಂಡೆ. ಅವರು ಬೇಕು ಬೇಡ ಏನೂ ಅನ್ನದೆ, “ಜಾಗಾ ತೋರ್ಸು,” ಎಂದು ಹೆಲ್ಮೆಟ್ ತೆಗೆದುಕೊಂಡರು. ಆ ಆಟೋ ಪ್ರಯಾಣ ಆದದ್ದು ಹೀಗೆ.

ಅಮೀರ್‌ಪೇಟ್‌ನಲ್ಲಿ ಕಾಕಾ ಊಟದ ಹೊತ್ತು ಮುಗಿಯುವ ತನಕ ಎದುರಿನ ಕಟ್ಟೆಯ ಮೇಲೆ ಕೂತು, ಯಾರು ಎಲ್ಲಿ ಉಣ್ಣುತ್ತಾರೆಂದು ನೋಡಿದರು. ಪಕ್ಕದ ಮೆಸ್ಸಿನಲ್ಲಿ ತಾವೂ ಉಂಡರು. ಕನ್ನಡ ಮಾತಾಡುತ್ತಾ ಹೋಗುತ್ತಿದ್ದ ಹುಡುಗನೊಬ್ಬನನ್ನು ತಡೆದು, “ರೊಟ್ಟಿ ಸಿಕ್ರ ತಿಂತೀಯೇನಪಾ?” ಎಂದು ಕೇಳಿದರು.

“ದಿನಾ ಅನ್ನ ಉಂಡು ಸಾಕಾಗೇತ್ರಿ ಅಜ್ಜಾರ,” ಎಂದ ಅವನು.

ಅಜ್ಜ ಎಂದದ್ದಕ್ಕೆ ಕಾಕಾ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಮಾಡು ಗೀತಾ. ಆದ್ರ ಈಗs ನೌಕ್ರಿ ಬಿಡಬ್ಯಾಡ. ಬ್ಯಾಸಗಿ ಸೂಟಿಯೊಳಗ ನಡಸಿ ನೋಡು,” ಎಂದರು.

“ಅಂಜಿಕಿ ಬರ್ತೈತ್ರಿ ಕಾಕಾ.”

“ಬರ್ಲಿ. ಅಂಜಿಕಿ ಮನ್ಯಾಗ ಇರಬೇಕು. ಯಜಮಾನಿಕಿ ಮಾತ್ರ ಅದರ ಕೈಯಾಗ ಕೊಡಬಾರ್ದು.”

“ನಿಮ್ಮ ಮನ್ಯಾಗ ಯಜಮಾನಿಕಿ ಯಾರ್ದು?”

“ನಿಮ್ಮ ಕಾಕುಂದು!” ಎಂದು ತಾವೇ ಮೊದಲು ನಕ್ಕರು.

ಆ ಬೇಸಿಗೆಯಲ್ಲಿ ಕೆಲವು ದಿನ ರೊಟ್ಟಿ ಉಳಿದವು, ಕೆಲವು ದಿನ ಸಾಲಲಿಲ್ಲ. ಶಾಲೆ ತೆರೆಯುವ ಹೊತ್ತಿಗೆ ನಾನು ರಾಜೀನಾಮೆ ಕೊಟ್ಟೆ. ಆ ಖಾನಾವಳಿ ಇವತ್ತಿಗೂ ನಡೆದಿದೆ.

ಅದು ಒಂದು ನೆಲೆಗೆ ಬಂದ ಮೇಲೆ ಸುಮಿತ್ರಾ ಕಾಕುವಿನ ಎರಡೂ ಕಿಡ್ನಿ ಕೆಟ್ಟವು. ಡಯಾಲಿಸಿಸ್‌ನಿಂದ ಜೀವ ಹಿಡಿದಿತ್ತು, ಮೈ ಮಾತ್ರ ಸೊರಗುತ್ತಾ ಹೋಯಿತು. ಬೇರೆ ಕಿಡ್ನಿ ಹಾಕಬೇಕೆಂದರು. ಪರೀಕ್ಷೆ ಮಾಡಿದಾಗ ಕಾಕಾನದೇ ಹೊಂದಿತು. ಡಾಕ್ಟರು ಅವರನ್ನು ಕೂರಿಸಿಕೊಂಡು ಶಸ್ತ್ರಕ್ರಿಯೆಯ ಅಪಾಯಗಳನ್ನೆಲ್ಲ ಬಿಡಿಸಿ ಹೇಳಿ, “ಏನಾದರೂ ಕೇಳುವುದಿದೆಯಾ?” ಎಂದರು. ಜೊತೆಗಿದ್ದ ನಾನು, ಕಾಕಾನ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರುತ್ತದೆ ಎಂದುಕೊಂಡು ಕುರ್ಚಿಗೆ ಒರಗಿದೆ.

“ಏನಿಲ್ಲ,” ಎಂದರು ಕಾಕಾ. “ಯಾವತ್ತು ಬರ್ಲಿ?”

ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. “ತೊಟ್ಟಿಲದ ನಟ್ಟು ಎಣಿಸಾವ್ರು ನೀವು. ಇಲ್ಲಿ ಒಂದು ಮಾತೂ ಕೇಳಲಿಲ್ಲಲ್ರೀ ಕಾಕಾ?”

“ಕೇಳಿದ್ರ ಹೇಳ್ತಾರ. ಹೇಳಿದ್ರ ಇನ್ನಷ್ಟು ಅಂಜಿಕಿ ಬರ್ತೈತಿ. ಬಂದ್ರೂ ಕೊಡಾಂವನ. ಮತ್ತ್ಯಾಕ ಕೇಳ್ಲಿ?” ಎಂದರು. ಹಾಗೆಂದು ಆಸ್ಪತ್ರೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ಒಂದೊಂದಾಗಿ ಇಳಿದರು.

ಇಬ್ಬರೂ ಚೇತರಿಸಿಕೊಂಡರು. ಕಾಕುವಿಗೆ ಗೆಲುವು ಬಂದಂತೆ ಬಾಯಿಯೂ ಬಂತು. “ಇವರ ಕಿಡ್ನಿ ಹಾಕಿದಾಗಿಂದ ನನಗೂ ರಸ್ತಾ ದಾಟಾಕ ಅಂಜಿಕಿ ಆಗಾಕತ್ತೈತಿ ನೋಡವಾ,” ಎಂದು ಗಂಡನ ಎದುರಿಗೇ ಹೇಳುವರು.

ಕಾಕು ಹುಟ್ಟಿದಾರಭ್ಯ ಸಮುದ್ರ ಕಂಡಿರಲಿಲ್ಲ. ಅದೊಂದು ನೋಡಬೇಕೆಂದು ಹಟ ಹಿಡಿದರು. ನೀರೆಂದರೆ ಅಂಜುವ ಕಾಕಾ ಬಹಳ ದಿನ ಎಳೆದಾಡಿ, ಡಾಕ್ಟರನ್ನು ಕೇಳಿ, ಕೊನೆಗೆ ವಿಶಾಖಪಟ್ಟಣಕ್ಕೆ ಹೊರಟರು. ಕಳಿಸಲು ನಾನು ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗಿದ್ದೆ. ಊರು ಬಿಟ್ಟು ಹೊರಟವರು ಅವರು, ಕಿಟಕಿಯ ಸರಳಿನಿಂದ ಕೈ ಚಾಚಿ, ಪ್ಲಾಟ್‌ಫಾರ್ಮಿನಲ್ಲಿ ನಿಂತ ನನಗೆ “ಜ್ವಾಕಿ!” ಎಂದರು.

ನಾನು ಕಾಕಾನನ್ನು ಜೀವಂತ ನೋಡಿದ್ದು ಅದೇ ಕೊನೆ. ಅವರು ಮರಳಿ ಬಂದಾಗ ಖಾನಾವಳಿಯ ಗಡಿಬಿಡಿಯಲ್ಲಿ ನನಗೆ ಹೋಗಿ ಕಾಣಲಾಗಲಿಲ್ಲ; ಕೆಲವೇ ದಿನಕ್ಕೆ, ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ. ಹೃದಯ ನಿಂತಿತ್ತು.

ದಿನಕರ್ಮಗಳು ಮುಗಿದ ಮೇಲೆ ಒಂದು ದಿನ ಕಾಕು ತಮ್ಮ ಫೋನಿನಲ್ಲಿ ಸಮುದ್ರದ ಒಂದು ಫೋಟೋ ತೆರೆದು ನನ್ನ ಕೈಗೆ ಕೊಟ್ಟರು. “ನೀ ದಂಡಿ ಮ್ಯಾಲೇ ನಿಂದ್ರು, ಮೊದ್ಲು ನಾ ಇಳದು ನೋಡ್ತೀನಿ ಅಂದ್ರು. ಆವಾಗ ತಗದಿದ್ದು,” ಎಂದರು.

ಕಾಕಾ ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಬೆನ್ನ ಹಿಂದೆ ದೊಡ್ಡದೊಂದು ಅಲೆ ಏಳುತ್ತಿದೆ. ಅವರು ಅದನ್ನು ನೋಡುತ್ತಿಲ್ಲ. ದಂಡೆಯ ಕಡೆ ತಿರುಗಿ, ಕೈ ಮುಂದೆ ಚಾಚಿ, ಬಾ ಎಂದು ಕಾಕುವನ್ನು ಕರೆಯುತ್ತಿದ್ದಾರೆ.