ಹೆಪ್ಪುಗಟ್ಟದ ನೆಲ

ಗಾಳಿಯೇ ಇಲ್ಲದ ಬೆಳಿಗ್ಗೆಗಳಲ್ಲಿ ಆ ಸದ್ದು ಬರುತ್ತಿತ್ತು. ಒಣ ಮೂಳೆ ಮುರಿದಂತೆ ಒಂದು ಚಟಕ್ಕು, ಹಿಂದೆಯೇ ತರಗೆಲೆಯ ಮೇಲೆ ಭಾರವಾದದ್ದೇನೋ ಬಿದ್ದ ಸದ್ದು. ಕಾಡಂಚಿನ ಮನೆಯ ಅಡುಗೆಕೋಣೆಯಲ್ಲಿ ಥರ್ಜಾ ಮೇಡ್ಮೆಂಟ್ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ.

"ದಾರಿ ಕಡೆಯ ಕೊಂಬೆ. ಸಣ್ಣದು," ಅನ್ನುತ್ತಿದ್ದಳು.

ಹೋಗಿ ನೋಡಿದರೆ ದಾರಿಯ ಕಡೆಯದೇ. ಆದರೆ ಸಣ್ಣದು ಅನ್ನುವ ಮಾತು ಆ ಚಳಿಗಾಲದಲ್ಲಿ ದಿನೇ ದಿನೇ ಸುಳ್ಳಾಗುತ್ತಿತ್ತು. ಜನವರಿಯಲ್ಲಿ ಬಿದ್ದದ್ದು ನನ್ನ ತೊಡೆಯಷ್ಟು ದಪ್ಪವಿತ್ತು.

ನಾನು ರಸ್ತೆಯ ಆಚೆ ಬದಿಯಲ್ಲಿ ಇರುವವಳು. ಎಂಟು ಚಳಿಗಾಲಗಳಿಂದ ಶನಿವಾರಗಳಂದು ಥರ್ಜಾಳ ಕಾಡಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಆಕೆಗೆ ಅರವತ್ತಮೂರು. ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಬಡಿಸಿದವಳು. ನಮ್ಮ ಕಡೆ ನಲವತ್ತು ದಾಟಿದ ಗಂಡಸರೂ ಆಕೆಯನ್ನು ಕಂಡರೆ ಟೋಪಿ ತೆಗೆದು "ಮಿಸ್" ಅನ್ನುತ್ತಾರೆ, ತಟ್ಟೆಯಲ್ಲಿ ಇನ್ನೂ ಕೋಸು ಉಳಿದಿದೆಯೇನೋ ಎಂಬಂತೆ.

ನಾಲ್ಕು ಎಕರೆಯ ಆ ಕಾಡು ಚಿಕ್ಕಪ್ಪನಿಂದ ಬಂದದ್ದು. ಬಂದಾಗ ಅದು ಕಾಡಾಗಿರಲಿಲ್ಲ. ಹಳೆಯ ಹೇಜಲ್ ಮರಗಳ ನಡುವೆ ಸಾಲಾಗಿ, ಒತ್ತಾಗಿ ಸೂಜಿಯೆಲೆಯ ಸ್ಪ್ರೂಸ್ ಮರ ನೆಟ್ಟಿದ್ದರು. ಅದರಡಿ ನಡುಹಗಲಲ್ಲೂ ಕತ್ತಲು. ಹುಲ್ಲಿಲ್ಲ, ಹಕ್ಕಿಯಿಲ್ಲ. ಮೊದಲ ಚಳಿಗಾಲದಲ್ಲಿ ಥರ್ಜಾ ಒಂದು ದೊಡ್ಡ ಯಂತ್ರವನ್ನು ಒಳಗೆ ಬಿಟ್ಟಳು. ಹತ್ತು ದಿನದಲ್ಲಿ ಸ್ಪ್ರೂಸ್ ಪೂರ್ತಿ ಹೋಯಿತು, ಬೆಳಕು ಬಂತು. ಮೂರನೆಯ ವಸಂತದಲ್ಲಿ ಯಾರೂ ಬಿತ್ತದ ಬ್ಲೂಬೆಲ್ ಹೂಗಳು ನೆಲದಡಿಯಿಂದ ಎದ್ದು ಕಾಡಿಡೀ ನೀಲಿಯಾಯಿತು. ಚಕ್ರ ಹರಿದ ಎರಡು ಸಾಲುಗಳನ್ನು ಬಿಟ್ಟು.

ಆ ಸಾಲುಗಳಲ್ಲಿ ಇವತ್ತಿಗೂ ನೀರು ನಿಲ್ಲುತ್ತದೆ. ಇಪ್ಪತ್ತೆರಡು ವರ್ಷವಾದರೂ ಅಲ್ಲಿ ಒಂದು ಹೂ ಬಿಟ್ಟಿಲ್ಲ. ನೀಲಿಯ ನಡುವೆ ಕಪ್ಪಾಗಿ, ಒಂದಕ್ಕೊಂದು ಸಮನಾಗಿ ಓಡುತ್ತವೆ. ಅಂದಿನಿಂದ ಆಕೆಯ ಕಾಡಿಗೆ ಚಕ್ರ ಹೊಕ್ಕಿಲ್ಲ, ಕೈಗಾಡಿಯೂ ಇಲ್ಲ. ಕಡಿದದ್ದನ್ನೆಲ್ಲ ಹೆಗಲ ಮೇಲೆ ಹೊತ್ತು ತರಬೇಕು.

ಕಾಡನ್ನು ಎಂಟು ಪಾಲು ಮಾಡಿದ್ದಳು. ಚಳಿಗಾಲಕ್ಕೊಂದು ಪಾಲು. ಹೇಜಲನ್ನು ಬುಡಕ್ಕೆ ಕಡಿದು ಕೂಳೆ ಬಿಟ್ಟರೆ ವಸಂತದಲ್ಲಿ ಹೊಸ ಕೋಲುಗಳು ಚಿಮ್ಮುತ್ತವೆ. ಚಿಗುರಿಗೆ ಜಿಂಕೆ ಬರುತ್ತದೆ. ಅದಕ್ಕೇ ಪ್ರತಿ ಕೂಳೆಯ ಮೇಲೂ ಮುಳ್ಳುಕಡ್ಡಿಗಳನ್ನು ಟೋಪಿಯ ಹಾಗೆ ಹೊದಿಸುತ್ತೇವೆ. ಬೇಸಿಗೆಯಲ್ಲಿ ಕೋಲು ಸೀಳಿ, ಕುರಿಮಂದೆಯವರಿಗೆ ತಟ್ಟಿ ಹೆಣೆಯುವುದು. ಶರತ್ಕಾಲದಲ್ಲಿ ಅಳಿಲು ಬಿಟ್ಟಷ್ಟು ಕಾಯಿ ಆರಿಸುವುದು. ಮಾರ್ಚ್ ಬಂತೆಂದರೆ ಕತ್ತಿ ಗರಗಸಗಳಿಗೆ ಎಣ್ಣೆ ಸವರಿ ತೂಗುಹಾಕುವುದು. ಗೂಡು ಕಟ್ಟುವ ಕಾಲದಲ್ಲಿ ಆಕೆ ಒಂದು ಕಡ್ಡಿಯನ್ನೂ ಕಡಿಯುತ್ತಿರಲಿಲ್ಲ.

ಎಂಟು ಪಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಮರವನ್ನು ನಿಲ್ಲಲು ಬಿಟ್ಟಿದ್ದಳು. ಐದನೆಯ ಪಾಲಿನಲ್ಲಿ ಇದ್ದದ್ದು ಆ್ಯಶ್. ಮೂವರು ಕೈ ಚಾಚಿದರೂ ತಬ್ಬಲಾಗದ್ದು. ಅದು ವಾಲಿದ್ದು ದಾರಿಯ ಮೇಲೆ. ಊರಿನ ಮಕ್ಕಳು ಶಾಲೆಯ ಬಸ್ಸಿಗೆ ಹೋಗುವ ದಾರಿ ಅದು.

ಆ್ಯಶ್ ಮರಗಳ ರೋಗ ನಮ್ಮ ಕಣಿವೆಗೆ ಬಂದು ಏಳು ವರ್ಷವಾಯಿತು. ಮೊದಲು ತುದಿ ಒಣಗುತ್ತದೆ, ಆಮೇಲೆ ಮರ ಒಳಗಿಂದೊಳಗೇ ಗಾಜಿನಂತಾಗುತ್ತದೆ. ನೂರರಲ್ಲಿ ಎಲ್ಲೋ ಒಂದೆರಡು ಬದುಕುತ್ತವಂತೆ, ಯಾವುದೆಂದು ಮೊದಲೇ ಹೇಳಲಾಗದು. ಆ ಒಂದೆರಡರಲ್ಲಿ ಇದೂ ಇರಬಹುದೆಂದು ಥರ್ಜಾ ಕಾದಳು. ಪ್ರತಿ ಜೂನಿನಲ್ಲಿ ಬುಡದಲ್ಲಿ ನಿಂತು ಕತ್ತೆತ್ತುತ್ತಿದ್ದಳು. ತುದಿ ಬೋಳು, ಆದರೆ ಕಾಂಡದ ಮೈಮೇಲೆ ಹಸಿರು ಗೊಂಚಲುಗಳು. "ನೋಡು, ಮತ್ತೆ ಚಿಗುರ್ತಿದೆ," ಅನ್ನುತ್ತಿದ್ದಳು. ಸಾಯುವ ಮರವೇ ಹಾಗೆ ಮೈತುಂಬ ಗೊಂಚಲು ಬಿಡುತ್ತದೆಂಬುದು ಆಕೆಗೆ ಗೊತ್ತಿತ್ತು. ಬೇರೆಯವರ ಮರಗಳಲ್ಲಿ ಆಕೆಯೇ ಅದನ್ನು ತೋರಿಸಿಕೊಟ್ಟಿದ್ದಳು.

ಹೋದ ಚಳಿಗಾಲ ಐದನೆಯ ಪಾಲಿನ ಸರದಿ. ಸರದಿ ತಪ್ಪಿಸುವವಳಲ್ಲ. ಆ್ಯಶಿನ ಸುತ್ತ ಆಸರೆಯಾಗಿದ್ದ ಹೇಜಲನ್ನೆಲ್ಲ ನಾವು ಬುಡಕ್ಕೆ ಕಡಿದೆವು. ಮುಗಿಸಿ ಹಿಂದೆ ಸರಿದು ನೋಡಿದಾಗಲೇ ತಿಳಿದದ್ದು: ಮರ ಈಗ ಬಯಲಲ್ಲಿ ಒಂಟಿ, ಪಶ್ಚಿಮದ ಗಾಳಿಗೆ ಏನೂ ಅಡ್ಡವಿಲ್ಲ. ಬುಡದ ಮುಳ್ಳುಪೊದೆ ತೆಗೆದಲ್ಲಿ ಬೇರು ಕೊಳೆಸುವ ಜೇನುಬಣ್ಣದ ಅಣಬೆಗಳು ಬುಡದ ಸುತ್ತ ಕಿಕ್ಕಿರಿದಿದ್ದವು. ಥರ್ಜಾ ಮಂಡಿಯೂರಿ ಒಂದನ್ನು ಮುರಿದಳು, ಮೂಸಿದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ನವೆಂಬರಿನಲ್ಲಿ ಕೌನ್ಸಿಲಿನ ಕಾಗದ ಬಂತು. ಫೆಬ್ರವರಿ ಮುಗಿಯುವುದರೊಳಗೆ ಮರ ನೆಲಕ್ಕೆ ಬರಬೇಕು, ಇಲ್ಲವಾದರೆ ಅವರೇ ಬಂದು ಉರುಳಿಸುತ್ತಾರೆ. ಅಂಥ ಮರವನ್ನು ಈಗ ಯಾರೂ ಹತ್ತುವುದಿಲ್ಲ. ಹದಿನಾಲ್ಕು ಟನ್ನಿನ ಯಂತ್ರ ಬುಡದವರೆಗೆ ಹೋಗಬೇಕು, ಕಾಡಿನ ಉದ್ದಕ್ಕೂ.

ಉಳಿದದ್ದು ಒಂದೇ ಉಪಾಯ. ನೆಲ ಹೆಪ್ಪುಗಟ್ಟಿ ಕಲ್ಲಾದರೆ ಯಂತ್ರದ ಭಾರ ಕೆಳಗಿಳಿಯದು. ಥರ್ಜಾ ದಿನಾ ಬೆಳಿಗ್ಗೆ ಒಲೆ ಕೆದಕುವ ಕಬ್ಬಿಣದ ಸರಳನ್ನು ಹಿಡಿದು ಹೋಗಿ ನೆಲಕ್ಕೆ ಚುಚ್ಚುತ್ತಿದ್ದಳು. ಡಿಸೆಂಬರಿಡೀ ಸರಳು ಬೆಣ್ಣೆಗೆ ಚಾಕು ಇಳಿದಂತೆ ಇಳಿಯಿತು. ಕ್ರಿಸ್ಮಸ್ ದಿನ ಜೇನ್ನೊಣ ಹಾರಿತು. ಜನವರಿಯ ಮೂರನೆಯ ವಾರ ಒಂದು ಬೆಳಿಗ್ಗೆ ಸರಳು ಠಣ್ಣೆಂದಿತು. ಓಡಿಬಂದು ಕೊರಿನ್‌ಗೆ ಫೋನು ಮಾಡಿದಳು. ಮರ ಕಡಿಯುವ ಯಂತ್ರ ಅವನದು. ಅವತ್ತು ಅದು ಇನ್ನೊಂದು ಜಿಲ್ಲೆಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಮಳೆ ಬಂತು.

ಫೆಬ್ರವರಿಯ ಕೊನೆಯ ದಿನ ಬೆಳಿಗ್ಗೆ ಕೊರಿನ್ ಸ್ಟಿಕ್‌ಲ್ಯಾಂಡ್ ಬಂದ. ಗೇಟಿನ ಹೊರಗೆ ಲಾರಿಯ ಮೇಲೆ ಹಳದಿ ಯಂತ್ರ. ಎಲೆಯೂ ಅಲ್ಲಾಡದಷ್ಟು ಗಾಳಿ ನಿಂತಿತ್ತು. ಥರ್ಜಾ ಗೇಟಿನಲ್ಲಿ ಬಕೆಟ್ಟು, ಬ್ರಷ್ಷು ಹಿಡಿದು ನಿಂತಿದ್ದಳು.

"ಬೂಟು ಉಜ್ಜಿ ಬಾ."

"ಕಾಡಿಗೆ ಬರೋಕೂ ಬೂಟು ಉಜ್ಜಬೇಕಾ ಮಿಸ್?"

"ಊರ ಮೇಲಿನ ರೋಗ ಎಲ್ಲ ಮೆತ್ಕೊಂಡು ಬಂದಿರ್ತೀಯ. ಉಜ್ಜೋ ಸುಮ್ನೆ."

ನಲವತ್ತೆರಡರ ಕೊರಿನ್ ಒಂಟಿಕಾಲಲ್ಲಿ ನಿಂತು ಉಜ್ಜಿದ. ಆಮೇಲೆ ನೆಲ ನೋಡಿದ. ತರಗೆಲೆಗಳ ಸಂದಿಯಿಂದ ಬ್ಲೂಬೆಲ್‌ನ ಮೂತಿಗಳು ಆಗಲೇ ಹೊರಗೆ ಬಂದಿದ್ದವು, ಬೆರಳಿನುದ್ದ, ಎಲ್ಲಿ ನೋಡಿದರೂ.

"ಮಿಸ್, ಐದು ವರ್ಷದ ಹಿಂದೆ ಹೇಳಿದ್ದೆ. ಆಗ ನಾನೇ ಹತ್ತಿ ತುಂಡು ತುಂಡು ಇಳಿಸ್ತಿದ್ದೆ. ನೀವು ಜೂನ್ ನೋಡೋಣ ಅಂದ್ರಿ. ಐದು ಜೂನ್ ನೋಡಿದ್ದಾಯ್ತು."

"ಹೌದು ಕಣೋ. ತಪ್ಪು ನಂದೇ. ಅದಕ್ಕೆ ಇವು ಯಾಕೆ ದಂಡ ತೆರಬೇಕು?" ಆಕೆ ಕಾಲಬುಡದ ಹಸಿರು ಮೂತಿಗಳನ್ನು ತೋರಿಸಿದಳು. "ನಿನ್ನ ಮಿಷನ್ನು ಲಾರಿ ಮೇಲೇ ಇರ್ಲಿ. ಚೆನ್ನಾಗಿ ಕಾಣತ್ತೆ ಅಲ್ಲಿ."

ಕೊರಿನ್ ನಗಲಿಲ್ಲ. ಅವನ ಕಣ್ಣು ಆ್ಯಶಿನ ಕಡೆ ಹೋಗಿತ್ತು. ಮರದ ಮೇಲಿನ ಕವಲಿಗೆ ಒಂದು ಹಗ್ಗ ಬಿಗಿದಿತ್ತು. ಅದು ಉತ್ತರಕ್ಕೆ, ದಾರಿಗೆ ಬೆನ್ನುಮಾಡಿ, ಕಡಿದು ಬಯಲಾದ ಪಾಲನ್ನು ದಾಟಿ, ದೂರದ ಓಕ್ ಮರದ ಬುಡದಲ್ಲಿದ್ದ, ಹಿಡಿ ತಿರುಗಿಸಿ ಹಗ್ಗ ಎಳೆಯುವ ಕೈರಾಟೆಗೆ ಸೇರಿತ್ತು. ನಾನೂ ಆಗಲೇ ನೋಡಿದ್ದು.

"ಯಾರು ಕಟ್ಟಿದ್ದು ಇದು?"

"ನಿನ್ನೆ ನಾನೇ. ಗುಂಡು ಕಟ್ಟಿದ ದಾರ ಎಸೆದೆ. ಒಂಬತ್ತನೇ ಸಲಕ್ಕೆ ಕವಲು ಸಿಕ್ತು."

"ಅದರ ಕೆಳಗೆ ನಿಂತು? ಒಂಬತ್ತು ಸಲ?" ಅವನ ದನಿ ಇಳಿಯಿತು. "ಮಿಸ್, ಜಾಗೋ ನೆನಪಿದಾನಾ? ನನ್ ಜೊತೆ ಕೆಲಸ ಮಾಡ್ತಿದ್ದೋನು. ಇದಕ್ಕಿಂತ ಸಣ್ಣ ಆ್ಯಶು. ಬೆಣೆಗೆ ಎರಡನೇ ಏಟು ಹಾಕ್ದ, ಅಷ್ಟೆ. ಬುಡ ಅಲ್ಲಾಡ್ಲಿಲ್ಲ, ತಲೆ ಕಳಚ್ಕೊಂಡು ಬಂತು. ಈಗ ಅವನ ಹೆಂಡ್ತಿ ಚಮಚದಲ್ಲಿ ತಿನ್ನಿಸ್ತಾಳೆ."

"ಗೊತ್ತು. ಅವನಿಗೆ ನಾನೂ ತಿನ್ಸಿದೀನಿ, ಆರು ವರ್ಷದವನಿದ್ದಾಗ. ನಾನು ಬೆಣೆ ಹೊಡೆಯಲ್ಲ. ಕೈಗರಗಸ, ನಿಧಾನಕ್ಕೆ. ಕೊಯ್ದ ಜಾಗ ಬಾಯಿ ಬಿಟ್ಟ ತಕ್ಷಣ ದೂರದಿಂದ ಹಗ್ಗ ಎಳೆಯೋದು."

"ಥರ್ಜಾ, ಬೇಡ," ಅಂದೆ ನಾನು. "ಮಿಷನ್ ಹೋಗ್ಲಿ. ಚಕ್ರದ ಗುರುತು ಇವತ್ತಲ್ಲ ನಾಳೆ ಮಾಯತ್ತೆ."

ಆಕೆ ನನ್ನನ್ನು ನೋಡಿದಳು. ಮೊದಲ ಸಲ ಆ ಮುಖ ನನಗೆ ಮುದಿಯಾಗಿ ಕಂಡಿತು.

"ಇಪ್ಪತ್ತೆರಡು ವರ್ಷಕ್ಕೆ ಮಾಯ್ದಿಲ್ಲ ಟ್ಯಾಮ್ಸಿನ್. ನಂಗೀಗ ಅರವತ್ತಮೂರು. ಎಷ್ಟಾಯ್ತು ನೀನೇ ಹೇಳು."

ಕೊರಿನ್ ಸ್ವಲ್ಪ ಹೊತ್ತು ಯಂತ್ರದ ಕಡೆ ನೋಡಿದ, ಮರದ ಕಡೆ ನೋಡಿದ. ಕೊನೆಗೆ ತನ್ನ ಹೆಲ್ಮೆಟ್ ತೆಗೆದು ಥರ್ಜಾಳ ತಲೆಯ ಮೇಲಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದ. ಆಕೆ ಮಗುವಿನ ಹಾಗೆ ಗಲ್ಲ ಎತ್ತಿ ನಿಂತಳು.

"ರಾಟೆ ನಾನು ಹಿಡೀತೀನಿ. ನಾನು ಕೂಗಿದ್ರೆ ಗರಗಸ ಅಲ್ಲೇ ಬಿಟ್ಟು ಓಡ್ಬೇಕು. ಮೇಲೆ ನೋಡ್ಕೊಂಡು ನಿಂತ್ಕೋಬಾರ್ದು."

"ನನ್ನ ಮಂಡಿ ನೋಡಿದೀಯಾ? ಓಡೋದಂತೆ!"

"ಮಿಸ್."

"ಆಯ್ತಪ್ಪ. ಓಡ್ತೀನಿ."

ನನ್ನನ್ನು ದಾರಿಯ ತುದಿಗೆ ಕಳಿಸಿದರು, ಯಾರಾದರೂ ಬಂದರೆ ತಡೆಯಲು. ಅಲ್ಲಿಂದ ಮರ ಪೂರ್ತಿ ಕಾಣುತ್ತಿತ್ತು. ತುದಿಯ ಬಿಳಿ ಕೊಂಬೆಗಳು ಆಕಾಶದಲ್ಲಿ ನಿಶ್ಚಲ. ಎಲ್ಲೋ ಮೇಲೆ ತೊಗಟೆಯ ಚೂರೊಂದು ತಾನಾಗಿ ಕಳಚಿ, ಒಂದು ಕೊಂಬೆಗೆ ತಾಗಿ, ಇನ್ನೊಂದಕ್ಕೆ ತಾಗಿ, ಕೆಳಗೆ ಬಂತು. ಥರ್ಜಾ ಅದನ್ನು ನೋಡಿದಳು. ಗರಗಸವನ್ನು ಹೆಗಲಿಗೇರಿಸಿದಳು.

"ಉತ್ತರಕ್ಕೇ ಬೀಳತ್ತೆ," ನನ್ನ ಕಡೆ ತಿರುಗದೆಯೇ ಜೋರಾಗಿ ಹೇಳತೊಡಗಿದಳು, ಹಸಿರು ಮೂತಿಗಳ ನಡುವೆ ಒಂದೊಂದೇ ಹೆಜ್ಜೆಗೆ ಜಾಗ ಹುಡುಕಿಕೊಂಡು ಮರದ ಕಡೆ ನಡೆಯುತ್ತ. "ಬಿದ್ದ ಮೇಲೆ ಒಂದು ಕೊಂಬೆನೂ ಸುಡೋಕೆ ಬಿಡ್ಬೇಡ ಈ ಕೊರಿನ್‌ಗೆ, ಹುಳಹುಪ್ಪಟೆಗೆ ಮನೆಯಾಗತ್ತೆ, ಆಮೇಲೆ ಆರನೇ ಪಾಲಿನ ಕೂಳೆಗೆ ಮುಳ್ಳು ಹೊದಿಸಿಲ್ಲ, ಜಿಂಕೆ ಬರೋಕ್ಮುಂಚೆ ನೀನು ಹೋಗಿ—"

ಮೇಲೆ, ಒಣ ಮೂಳೆ ಮುರಿದಂತೆ, ಚಟಕ್ಕೆಂದಿತು.